ಸಿಲ್ವೆಸ್ಟರನ ಸಂತರು

ಹೆಮ್ಮಾಡಿಯ ದರ್ಜಿ ಸಿಲ್ವೆಸ್ಟರ್ ಲುವಿಸನಿಗೆ ಮದುವೆಯಾಗಿರಲಿಲ್ಲ, ಹುಟ್ಟುಹಬ್ಬ ಆಚರಿಸುವ ರೂಢಿಯೂ ಇರಲಿಲ್ಲ. ಅವನ ಪಾಲಿಗೆ ಇದ್ದದ್ದು ತನ್ನದೇ ಹೆಸರಿನ ಸಂತರ ಹಬ್ಬ ಒಂದೇ. ಅದು ಬೀಳುತ್ತಿದ್ದದ್ದು ಡಿಸೆಂಬರ್ ಮೂವತ್ತೊಂದಕ್ಕೆ. ಊರೆಲ್ಲ ಹೊಸ ವರ್ಷದ ಕೇಕಿನ ಹಿಂದೆ ಬಿದ್ದಿರುವಾಗ ಅವನನ್ನು ಕೇಳುವವರು ಯಾರು? ಈ ಸಲವಾದರೂ ನಾಲ್ಕು ಜನಕ್ಕೆ ತಿಳಿಯಲಿ ಎಂದು ಅವನು ಬೆಳಿಗ್ಗೆಯೇ ಬುಟ್ಟಿ ತುಂಬ ಇಡ್ಲಿಯಂಥ ಸಾನ್ನಾ ಬೇಯಿಸಿ ನೆರೆಮನೆಗಳಿಗೆ ಹಂಚಲು ಹೊರಟ.

ಮೀನು ಮಾರುವ ಸೀತು ಎರಡು ಸಾನ್ನಾ ತೆಗೆದುಕೊಂಡಳು, ಆದರೆ ಅವನನ್ನು ಬಿಡಲಿಲ್ಲ.

"ಅಂತೋನಿ ಸಂತ್ರ್ ಕಳ್ದದ್ದ್ ಹುಡ್ಕಿ ಕೊಡ್ತ್ರ್ ಅಂಬ್ರಲೆ. ನಿಮ್ಮವ್ರ್ ಎಂತಕ್ಕ್ ಒಳ್ಳೇದ್?"

ಸಿಲ್ವೆಸ್ಟರನಿಗೆ ಗೊತ್ತಿರಲಿಲ್ಲ. ಎದುರಿನ ಗದ್ದೆಯಲ್ಲಿ ನೆರೆಮನೆಯ ವನಜಳ ದನ ಕಂಡಿತು. ದನಕರುಗಳಿಗೆ ಒಳ್ಳೆಯದು ಎಂದುಬಿಟ್ಟ.

ಸೀತುವಿನ ಮೀನಿನ ಜೊತೆ ಸುದ್ದಿಯೂ ಮನೆಮನೆಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವನ ಅಂಗಳ ದೊಡ್ಡಿಯಾಗಿತ್ತು. ಕೆಳಕೇರಿಯ ಗಣಪನ ಕುಂಟು ಆಡು ಹೊಲಿಯಲು ಕೊಟ್ಟಿದ್ದ ಯಾರದೋ ರವಿಕೆಯ ತೋಳನ್ನು ನಿಧಾನವಾಗಿ ಮೆಲ್ಲುತ್ತಿತ್ತು. ವನಜ ತನ್ನ ದನದ ಕೊರಳು ಹಿಡಿದು ನಿಂತಿದ್ದಳು. ಅದು ನಿನ್ನೆಯಿಂದ ಹುಲ್ಲು ಮುಟ್ಟಿರಲಿಲ್ಲ. ಅವಳ ಮುಖ ನೋಡಿದ ಮೇಲೆ ಸುಳ್ಳು ಹೇಳಿದೆ ಎನ್ನಲು ಸಿಲ್ವೆಸ್ಟರನಿಗೆ ಬಾಯಿ ಬರಲಿಲ್ಲ.

ಈಗ ಬರುತ್ತೇನೆಂದು ಹೇಳಿ ಸೈಕಲ್ ಹತ್ತಿ ಇಗರ್ಜಿಗೆ ಓಡಿದ. ಊಟಕ್ಕೆ ಕೂತಿದ್ದ ಪಾದ್ರಿಗಳು ಎಲ್ಲ ಕೇಳಿ ನಕ್ಕರು. ಸಂತ ಸಿಲ್ವೆಸ್ಟರರು ಸತ್ತ ಹೋರಿಯನ್ನು ಎಬ್ಬಿಸಿದರೆಂದು ಹಳೆಯ ಕತೆಯೊಂದು ಇದೆಯಂತೆ.

ಹಿಂದಿರುಗುವಾಗ ಆ ಹೋರಿಯನ್ನು ತಾನೇ ಎಬ್ಬಿಸಿದವನ ಹಾಗೆ ಪೆಡಲು ತುಳಿದ. ದನದ ಹಣೆಯ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ, ನಿಜವಾಗಿಯೇ ಬೇಡಿಕೊಂಡ. ದನ ಒಮ್ಮೆ ಮೂಸಿ, ಬುಟ್ಟಿಗೆ ಮೂತಿ ಹಾಕಿ, ಉಳಿದ ಸಾನ್ನಾಗಳನ್ನೆಲ್ಲ ತಿಂದು ಮುಗಿಸಿತು. ವನಜ ಸೆರಗಿನಿಂದ ಕಣ್ಣೊರಸಿಕೊಂಡಳು. ಒಬ್ಬೊಬ್ಬರಾಗಿ ಬಂದು ಅವನ ಕೈ ಹಿಡಿದು ಹಬ್ಬದ ಶುಭಾಶಯ ಹೇಳಿದರು. ಸಿಲ್ವೆಸ್ಟರನ ಎದೆ ಗಾಳಿ ಹೊಡೆದ ಟ್ಯೂಬಿನಂತೆ ಉಬ್ಬಿತು.

ಅಷ್ಟರಲ್ಲಿ ಬೈಂದೂರಿನ ಬಸ್ಸಿನಿಂದ ಇಳಿದ ಅವನ ದೊಡ್ಡಮ್ಮ ನತಾಲಿಯಾ ಅಂಗಳಕ್ಕೆ ಬಂದಳು. ಹೆಸರಿಡುವ ದೀಕ್ಷಾಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತವಳು ಅವಳೇ. ಎಲ್ಲರೂ ಒಟ್ಟಿಗೇ ಹೇಳಿದ್ದನ್ನು ಕೇಳಿ ಅವನನ್ನು ಕನಿಕರದಿಂದ ನೋಡಿದಳು.

"ನಿನ್ ಹಬ್ಬ ಇವತ್ತಲ್ಲ ಮಗಾ. ಇಗರ್ಜಿಯಲ್ಲಿ ಇಟ್ಟ ಹೆಸ್ರ್ ಸ್ಟೀವನ್. ಶಾಲೆಗೆ ಸೇರ್ಸುವಾಗ ನಿನ್ನಪ್ಪ ಗಡಿಬಿಡಿಯಲ್ಲಿ ಸಿಲ್ವೆಸ್ಟರ್ ಅಂದ. ಅದೇ ಉಳ್ಕಂತ್. ನಿನ್ ಸಂತ್ರ್ ಹಬ್ಬ ಕ್ರಿಸ್ಮಸ್ ಮರುದಿನವೇ ಮುಗ್ದ್ ಹೋಯ್ತ್."

ಆ ದಿನ ತಾನು ಏನು ಮಾಡುತ್ತಿದ್ದೆ ಎಂದು ಸಿಲ್ವೆಸ್ಟರ್ ನೆನಪಿಸಿಕೊಂಡ. ಹಳೆಯ ಚಡ್ಡಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದ. ಜಗಲಿಯ ಮೇಲೆ ಕುಸಿದು ಕೂತ.

ದೊಡ್ಡಮ್ಮ ಸಮಾಧಾನ ಹೇಳಿದಳು. ಸ್ಟೀವನ್ನರೂ ಸಣ್ಣ ಸಂತರಲ್ಲ, ಅವರನ್ನು ಕಲ್ಲು ಹೊಡೆದು ಕೊಂದದ್ದು, ಅದಕ್ಕೇ ತಲೆನೋವಿನವರು ಇವತ್ತಿಗೂ ಅವರಿಗೆ ಹರಕೆ ಹೊರುತ್ತಾರೆ ಎಂದಳು.

ಗಣಪ ಆಡನ್ನು ತೆಂಗಿನ ಮರಕ್ಕೆ ಕಟ್ಟಿ ಬಂದ. ಮುಂಡಾಸು ಬಿಚ್ಚಿ, ಜಗಲಿಯೆದುರು ಕೂತು, ಸಿಲ್ವೆಸ್ಟರನ ಮಡಿಲಿನತ್ತ ತಲೆ ಬಗ್ಗಿಸಿದ. ಅವನ ಹಿಂದೆ ಆಗಲೇ ಸಾಲು ನಿಂತಿತ್ತು.