ಮೂಗಯ್ಯನವರ ಸವತಿ

ಎಣ್ಣೆ ಕಾರ್ಖಾನೆಯ ಮೂಗಯ್ಯನವರಿಗೆ ನೆಗಡಿಯಾಯಿತು. ಬೇರೆ ಯಾರಿಗಾದರೂ ಆಗಿದ್ದರೆ ಅದೊಂದು ಸುದ್ದಿಯೇ ಅಲ್ಲ. ಆದರೆ ಮೂಗಯ್ಯನವರ ಅನ್ನ ಹುಟ್ಟುತ್ತಿದ್ದುದೇ ಮೂಗಿನಿಂದ. ಪೀಪಾಯಿಯ ಎಣ್ಣೆಯನ್ನು ಮೂಸಿ, ಯಾವುದು ಚೆನ್ನಾಗಿದೆ, ಯಾವುದು ಕಮಟು ಹಿಡಿದಿದೆ ಎಂದು ಹೇಳುವುದು ಅವರ ಕೆಲಸ. ಅವರು ತಲೆಯಾಡಿಸಿದ ಮೇಲೇ ಎಣ್ಣೆ ಬಾಟಲಿಗೆ ಇಳಿಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಯಾವತ್ತೋ ಮೂಲೆ ಸೇರಿ, ಎಲ್ಲರ ಬಾಯಲ್ಲೂ ಅವರು ಮೂಗಯ್ಯನವರೇ ಆಗಿಬಿಟ್ಟಿದ್ದರು.

ಆ ನೆಗಡಿಯನ್ನು ತಂದದ್ದು ಹೊಟ್ಟೆಕಿಚ್ಚು. ಹೋದ ವಾರ ಕಾರ್ಖಾನೆಗೆ ಅಯಾನ್ ಮೊಬಿಲಿಟಿ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಬಂದಿತ್ತು. ಅದು ಎಣ್ಣೆಯ ಆವಿಯನ್ನು ಒಳಗೆಳೆದುಕೊಂಡು, ಕಣಗಳಿಗೆ ವಿದ್ಯುತ್ತು ಹತ್ತಿಸಿ, ಒಂದು ಕೊಳವೆಯಲ್ಲಿ ಓಡಿಸುತ್ತದಂತೆ. ಸಣಕಲು ಕಣಗಳು ಬೇಗ ಬಂದು ಮುಟ್ಟುತ್ತವೆ, ದಢೂತಿಗಳು ಏದುಸಿರು ಬಿಡುತ್ತ ಆಮೇಲೆ ಬರುತ್ತವೆ. ಯಾವುದು ಯಾವಾಗ ಬಂತೆಂದು ನೋಡಿ ವಾಸನೆ ಯಾವುದರದೆಂದು ಪತ್ತೆ ಹಚ್ಚುವುದು. ಅದನ್ನು ನಡೆಸಲು ಬಂದ ಕೆಮಿಸ್ಟ್ ಹುಡುಗಿ ಹೀಗೆಂದು ಎಲ್ಲರಿಗೂ ಬಿಡಿಸಿ ಹೇಳಿದ್ದಳು. ಮೂಗಯ್ಯನವರ ತಲೆಗೆ ಹೋದದ್ದು ಒಂದೇ: ತಮಗೆ ಗೋಡೌನಿನ ಮೂಲೆ, ಅದಕ್ಕೆ ಎ.ಸಿ. ಕೋಣೆ. ಯಜಮಾನರು ಬೆಳಿಗ್ಗೆ ಬಂದವರೇ ಮೊದಲು ಅದರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಕಿರಿಯ ಹೆಂಡತಿ ಮನೆ ಹೊಕ್ಕ ಮೇಲೆ ಹಿರಿಯಳು ಬೇಯುವ ಹಾಗೆ ಮೂಗಯ್ಯನವರು ಬೆಂದರು. ಆ ಸವತಿಯನ್ನು ಕಣ್ತುಂಬ ನೋಡಿ ಶಪಿಸಲೆಂದೇ ಊಟದ ಬಿಡುವಿನಲ್ಲೆಲ್ಲ ಆ ತಣ್ಣನೆಯ ಕೋಣೆಯಲ್ಲಿ ಹೋಗಿ ನಿಲ್ಲುತ್ತಿದ್ದರು. ಮೂಗು ಕಟ್ಟಿತು.

ಕಟ್ಟಿದ್ದೂ ಪರೀಕ್ಷೆಯ ದಿನವೇ. ಸಾಲಾಗಿಟ್ಟ ಬಾಟಲಿಗಳಲ್ಲಿ ಒಂದಕ್ಕೆ ಕಮಟು ಎಣ್ಣೆ ತುಂಬಿರುತ್ತೇನೆ, ಯಾವುದೆಂದು ಯಂತ್ರವೂ ಹೇಳಲಿ, ಮೂಗೂ ಹೇಳಲಿ, ಯಂತ್ರ ಗೆದ್ದರೆ ಮೂಗಯ್ಯನವರು ಮನೆಯಲ್ಲಿ ಆರಾಮವಾಗಿರಲಿ ಎಂದು ಯಜಮಾನರು ಸಾರಿದ್ದರು. ಆ ‘ಆರಾಮ’ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಮೂಗಯ್ಯನವರಿಗೆ ನಿದ್ದೆ ಹತ್ತಿರಲಿಲ್ಲ.

“ಇಷ್ಟು ವರ್ಷದಲ್ಲಿ ನನ್ನ ಮುಂದೆ ಒಂದು ಗಳಿಗೆ ನಿಂತೋರಲ್ಲ. ಆ ಮಷೀನಿನ ಮುಂದೆ ನಿಂತ್ಕೊಂಡು ನೆಗಡಿ ತಂದ್ಕೊಂಡ್ರಾ?” ಎಂದು ಹೆಂಡತಿ ತನ್ನ ಪಾಲಿನ ಹೊಟ್ಟೆಕಿಚ್ಚನ್ನೂ ತೀರಿಸಿಕೊಂಡು, ಎದೆಗೂ ಬೆನ್ನಿಗೂ ಬಾಮ್ ತಿಕ್ಕಿ ಕಳಿಸಿದಳು.

ಕಾರ್ಖಾನೆಗೆ ಬಂದವರೇ ಮೂಗಯ್ಯನವರು ಯಾರೂ ಇಲ್ಲದ ಹೊತ್ತು ನೋಡಿ ಎ.ಸಿ. ಕೋಣೆಗೆ ನುಗ್ಗಿದರು. ಯಂತ್ರದ ಗಾಳಿ ಎಳೆಯುವ ಬಾಯಿಯ ಹತ್ತಿರ ಬಗ್ಗಿ, “ಇವತ್ತು ನೀನಿರ್ಬೇಕು, ಇಲ್ಲ ನಾನಿರ್ಬೇಕು” ಎಂದು ಹಲ್ಲು ಕಡಿದರು. ಎದೆಯ ಬಾಮಿನ ಘಾಟೆಲ್ಲ ಅದರ ಹೊಟ್ಟೆ ಸೇರಿದ್ದು ಅವರಿಗೆ ಗೊತ್ತಾಗಲಿಲ್ಲ.

ಪರೀಕ್ಷೆ ಶುರುವಾಯಿತು. ಮೊದಲನೆಯ ಬಾಟಲಿಗೆ ಯಂತ್ರದ ಪರದೆಯ ಮೇಲಿನ ಗೆರೆ ವಾಸನೆ ಸಿಕ್ಕಿತೆಂಬಂತೆ ದೊಡ್ಡ ಗುಡ್ಡವಾಗಿ ಎದ್ದಿತು. ಎರಡನೆಯದಕ್ಕೂ ಅದೇ ಗುಡ್ಡ. ಕೊನೆಗೆ ಬರೀ ಗಾಳಿ ಕೊಟ್ಟರೂ ಅದೇ ಗುಡ್ಡ. ಕೆಮಿಸ್ಟ್ ಹುಡುಗಿಯ ಮುಖ ಬಿಳಿಚಿಕೊಂಡಿತು. ಮೂಗಯ್ಯನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷ ತಮ್ಮ ಸರದಿ ಬರುವವರೆಗೆ ಮಾತ್ರ. ಒಂದೊಂದೇ ಬಾಟಲಿ ಎತ್ತಿ ಮೂಸಿದರು, ಎಲ್ಲವೂ ನೀರಿನಂತೆ. ದಿಕ್ಕು ತೋಚದೆ ಯಜಮಾನರ ಮುಖ ನೋಡಿದರು. ನಡುವಿನ ಬಾಟಲಿ ಎತ್ತಿದಾಗ ಯಜಮಾನರು ಉಸಿರು ಬಿಗಿಹಿಡಿದಿದ್ದರು. “ಇದೇ” ಎಂದುಬಿಟ್ಟರು ಮೂಗಯ್ಯನವರು. ಅದೇ ಆಗಿತ್ತು. ಕೆಲಸಗಾರರೆಲ್ಲ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಕೆಮಿಸ್ಟ್ ಹುಡುಗಿ ಗುಡ್ಡದ ಗುಟ್ಟು ಕಂಡುಹಿಡಿದಿದ್ದಳು. ಅದು ಬಾಮ್. ಯಾರೋ ಮೈಗೆ ಹಚ್ಚಿಕೊಂಡು ಒಳಗೆ ಬಂದಿದ್ದಾರೆ, ಯಂತ್ರ ಅದನ್ನು ಕಕ್ಕುವವರೆಗೆ ಬೇರೇನನ್ನೂ ಗುರುತಿಸದು ಎಂದಳು. ಯಜಮಾನರು ಕೆರಳಿದರು. ಕಳ್ಳ ಯಾರೆಂದು ಹುಡುಕಿಕೊಡುವ ಕೆಲಸ ಈಗಷ್ಟೇ ಗೆದ್ದ ಮೂಗಿಗೇ ಬಂತು.

ಮೂಗಯ್ಯನವರು ಕಟ್ಟಿದ ಮೂಗನ್ನು ಮುಂದಿಟ್ಟುಕೊಂಡು ಎಲ್ಲರನ್ನೂ ಮೂಸುತ್ತ ಹೋದರು. ದಿನವೂ ತಲೆನೋವೆಂದು ಹಣೆಗೆ ಬಾಮ್ ಬಳಿದುಕೊಳ್ಳುವ ಗುಮಾಸ್ತರ ಮುಂದೆ ನಿಂತು, “ಇವರೇ” ಎಂದರು. ಬಾಮ್ ಹಚ್ಚಿದ್ದು ನಿಜ, ಆದರೆ ಆ ಕೋಣೆಯ ಕಡೆ ತಲೆ ಹಾಕಿಲ್ಲ ಎಂದು ಗುಮಾಸ್ತರು ಗೋಗರೆದರು. ಯಾರೂ ಕೇಳಲಿಲ್ಲ. ಮೂಗಯ್ಯನವರ ಮೈಯಿಂದ ಬರುತ್ತಿದ್ದ ಘಾಟೂ ಗುಮಾಸ್ತರ ಲೆಕ್ಕಕ್ಕೇ ಜಮೆಯಾಯಿತು.

ಯಜಮಾನರು ಮೂಗಯ್ಯನವರ ಬೆನ್ನು ತಟ್ಟಿದರು. “ಇಂಥ ಮೂಗನ್ನ ಮನೇಲಿ ಕೂರಿಸೋಕಾಗುತ್ತಾ? ಎಣ್ಣೆ ಮೂಸೋ ಕಷ್ಟ ನಿಮಗೆ ಬೇಡ, ಅದನ್ನ ಮಷೀನು ನೋಡ್ಕೊಳ್ಳುತ್ತೆ. ಗಾಳಿಯಲ್ಲಿದ್ದ ಇಷ್ಟೇ ಇಷ್ಟು ಬಾಮನ್ನೂ ಪತ್ತೆ ಹಚ್ಚಿದೆ ಅಂದ್ರೆ ಅದೇನು ಸಾಮಾನ್ಯದ್ದಲ್ಲ. ಈ ಗಳಿಗೆಯಿಂದ ನೀವು ಅದರ ಬಾಗಿಲಲ್ಲಿ ಕೂತ್ಕೊಳ್ಳಿ. ಒಳಗೆ ಹೋಗೋರನ್ನೆಲ್ಲ ಮೂಸಿ ಮೂಸಿ ಬಿಡಿ. ಬಾಮ್ ಹಚ್ಚಿದೋರು ಯಾರೇ ಇರಲಿ, ಹತ್ತಿರ ಸೇರಿಸಬೇಡಿ.”

ಕೆಲಸವೇನೋ ಉಳಿಯಿತು. ಮೂಗಯ್ಯನವರು ಸವತಿಯ ಬಾಗಿಲು ಕಾಯಲು ಕುಳಿತರು. ಮೊದಲು ಓಡಿಸಬೇಕಾದವರು ತಾವೇ ಎಂದು ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ.