ಅಕ್ಕನ ಹಿಂಡಿಗೆ ನಾನು ಬೆರೆಸಿದ್ದು

ಸುಳ್ಳು ಹೇಳಲು ಬಾಯಿ ತೆರೆಯಲೇಬೇಕೆಂದೇನಿಲ್ಲ. ಬಾಯಿ ಮುಚ್ಚಿಕೊಂಡು ಕೂತೂ ಸೊಗಸಾಗಿ ಸುಳ್ಳು ಹೇಳಬಹುದು. ಈ ಎರಡನೆಯ ವಿದ್ಯೆಯಲ್ಲಿ ನಾನು ಪಳಗಿದವನು. ಐವತ್ತನಾಲ್ಕು ವರ್ಷ ಅದರಿಂದ ಯಾರಿಗೂ ಹೇಳಿಕೊಳ್ಳುವಂಥ ತೊಂದರೆಯಾಗಿರಲಿಲ್ಲ. ಆದದ್ದು ನಾಸಿಕ್‌ನ ಒಂದು ಆಸ್ಪತ್ರೆಯಲ್ಲಿ, ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಾಗ.

ನಾವು ಬೀದರ ಕಡೆಯವರು. ಮದುವೆಯಾಗಿ ಅಕ್ಕ ನಾಸಿಕ್‌ಗೆ ಬಂದಳು, ನೌಕರಿ ಸಿಕ್ಕು ನಾನು ಸಂಭಾಜಿನಗರ ಸೇರಿದೆ. ಊರ ಹೊರಗಿನ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಹೊರಗಿನಿಂದ ಬರುವ ಮಾಲನ್ನು ಪರೀಕ್ಷಿಸುವ ಕೆಲಸ ನನ್ನದು. ಒಳಗೇನಿದೆ ಎಂಬ ಚೀಟಿಯಿಲ್ಲದ ಡಬ್ಬಿಯನ್ನು ಗೇಟು ದಾಟಲು ಬಿಡುವವನಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ; ಮುಂದೆ ನೀವು ನನ್ನನ್ನು ಬೈಯಲು ಅನುಕೂಲವಾಗಲಿ ಎಂದು ಹೇಳುತ್ತಿದ್ದೇನೆ. ಕಳೆದ ವರ್ಷ ಅಕ್ಕನಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮುಗಿದು ಕೀಮೋ ಶುರುವಾಯಿತು. ಭಾವನವರಿಗೆ ಆಸ್ಪತ್ರೆಯ ವಾಸನೆಗೇ ಕಣ್ಣಿಗೆ ಕತ್ತಲೆ ಬರುತ್ತದೆ. ಎರಡು ಸಲ ರೋಗಿಯನ್ನು ಬಿಟ್ಟು ಅವರನ್ನೇ ಮಲಗಿಸಬೇಕಾಗಿ ಬಂದ ಮೇಲೆ ಅಕ್ಕ ನನ್ನನ್ನು ಕರೆಸಿಕೊಂಡಳು. ಮೂರು ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗುತ್ತಿದ್ದೆ.

ಡಾಕ್ಟರಿಗೆ ತಿಳಿಸದೆ ಅಕ್ಕ ಒಂದು ಲವಂಗವನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಡಾಕ್ಟರು ಮರಾಠಿ ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವರು. ಪ್ರತಿ ಸಲವೂ ಕೊನೆಗೆ ‘ಮಾವ್ಶಿ, ಆಣಖೀ ಕಾಹೀ?’ ಎನ್ನುವರು, ಚಿಕ್ಕಮ್ಮಾ, ನಮ್ಮ ಔಷಧಿ ಬಿಟ್ಟು ಇನ್ನೇನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಅದರ ಅರ್ಥ. ಅಕ್ಕ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುವಳು: ವಾಂತಿ ಬಂದಂತಾದರೆ ಶುಂಠಿ ಚೂರು, ಬೆಳಿಗ್ಗೆ ಪ್ರಾಣಾಯಾಮ, ಓಣಿಯ ಹೆಂಗಸೊಬ್ಬಳಿಂದ ಪಾದಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವುದು, ಊಟಕ್ಕೆ ನನ್ನ ಹೆಂಡತಿ ಮಾಡಿ ಕಳಿಸುವ ಶೇಂಗಾ ಹಿಂಡಿ, ಎಂದರೆ ಕಡಲೆಕಾಯಿ ಚಟ್ನಿಪುಡಿ. ಡಾಕ್ಟರು ಎಲ್ಲಕ್ಕೂ ಹೂಂ ಎಂದರು. ತಿಕ್ಕುವುದು ಮಾತ್ರ ಮೆಲ್ಲಗಿರಲಿ ಎಂದರು. ನೆರೆಮನೆಯವರು ಕೊಟ್ಟ ಯಾವುದೋ ಕಷಾಯ ಬೇಡವೆಂದಾಗ ಅಕ್ಕ ಮನೆಗೆ ಹೋಗಿ ಅದನ್ನು ಬಚ್ಚಲಿಗೆ ಸುರಿದಳು. ವಿಷಯ ಅಷ್ಟು ಸರಳವಾಗಿತ್ತು.

ಸರಳವಾದದ್ದು ನನಗೆ ಒಗ್ಗುವುದಿಲ್ಲ. ಅಕ್ಕನ ಕೈಗೆ ಹನಿಹನಿಯಾಗಿ ಇಳಿಯುವ ಔಷಧಿಯನ್ನು ಸುಮ್ಮನೆ ನೋಡುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ನಾನೂ ಏನಾದರೂ ಮಾಡಬೇಕಿತ್ತು. ಆಗ ಗೆಳೆಯನೊಬ್ಬ ವೇರೂಳ್ ದಾರಿಯಲ್ಲಿ ಪುಡಿ ಕೊಡುವ ಒಬ್ಬನ ಬಳಿಗೆ ಕರೆದುಕೊಂಡು ಹೋದ. ಅದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಆತ ಕಾಡಿನ ಬೇರು ಎಂದ. ಕಾಡಿನಲ್ಲಿ ಬೇರುಗಳಿಗೇನು ಕೊರತೆ? ನಾನು ಮರುಪ್ರಶ್ನೆ ಹಾಕಲಿಲ್ಲ. ಅಕ್ಕನಿಗೆ ಹೇಳಿದರೆ ಅವಳು ಡಾಕ್ಟರಿಗೆ ಹೇಳುವಳು, ಡಾಕ್ಟರು ಬೇಡವೆನ್ನುವರು. ಆದ್ದರಿಂದ ಇಬ್ಬರನ್ನೂ ಬದಿಗಿಟ್ಟು, ಪುಡಿಯನ್ನು ನೇರವಾಗಿ ಹೆಂಡತಿಯ ಹಿಂಡಿಯ ಡಬ್ಬಿಯಲ್ಲಿ ಕಲಸಿಬಿಟ್ಟೆ. ಅದಕ್ಕೂ ಮೊದಲು ಒಂದು ವಾರ ನಾನೇ ತಿಂದು ನೋಡಿದ್ದೆ, ಬದುಕಿದ್ದೆ, ಪರೀಕ್ಷೆ ಮುಗಿಯಿತೆಂದುಕೊಂಡೆ.

“ಹಿಂಡಿ ಜರಾ ಕಹಿ ಹತ್ತಲತ್ತದ ತಮ್ಮಾ,” ಎಂದಳು ಊಟಕ್ಕೆ ಕೂತ ಅಕ್ಕ. “ನನ್ನ ನಾಲಗಿನೇ ಕೆಟ್ಟದ ಬಿಡು. ಆದರ ಇದೊಂದೇ ನೋಡು ಗಂಟಲ್ದಾಗ ಇಳಿಯೋದು.” ಹೀಗೆಂದು ಇನ್ನೊಂದು ಚಮಚ ಹಾಕಿಕೊಂಡಳು. ನಾನು ಒಳಗೊಳಗೇ ಹಿಗ್ಗಿದೆ.

ಮುಂದಿನ ಸಲ ಡಾಕ್ಟರು ರಕ್ತದ ರಿಪೋರ್ಟನ್ನು ಎರಡೆರಡು ಬಾರಿ ಓದಿದರು. ಲಿವರ್ ಸರಿಯಿಲ್ಲ, ಇಂದು ಕೀಮೋ ಕೊಡಲಾಗದು, ಹೊಟ್ಟೆಯ ಸ್ಕ್ಯಾನ್ ಆಗಲಿ ಎಂದರು. ಆಮೇಲೆ ಎಂದಿನ ಪ್ರಶ್ನೆ. ನಿಮಗೆ ಹೇಳದೆ ನಾನು ಏನೂ ತಿಂದಿಲ್ಲ ಎಂದು ಅಕ್ಕ ಎದೆಯ ಮೇಲೆ ಕೈಯಿಟ್ಟು ಹೇಳಿದಳು. ಹೇಳಿದವಳು ನನ್ನ ಮುಂಗೈ ಹಿಡಿದಳು.

“ತಮ್ಮಾ, ಲಿವರಕ್ಕ ಹರಡ್ಯದೇನೋ?”

ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ನೀರು ಕುಡಿದು ಬರುತ್ತೇನೆಂದು ಎದ್ದೆ. ಹೊರಗೆ ಎರಡು ಲೋಟ ಕುಡಿದೆ. ಕೈ ತೊಳೆಯುವ ವಿಧಾನದ ಚಿತ್ರಪಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹಿಂತಿರುಗಿದಾಗ ಅಕ್ಕ ತಲೆಯ ಸ್ಕಾರ್ಫ್ ಸರಿಪಡಿಸಿಕೊಳ್ಳುತ್ತ ಡಾಕ್ಟರಿಗೆ ಹೇಳುತ್ತಿದ್ದಳು: ಹಾಗೇನಾದರೂ ಇದ್ದರೆ ನೇರವಾಗಿ ಹೇಳಿಬಿಡಿ, ನನ್ನ ಗಂಡನಿಗೆ ಹಾಲು ಕಾಯಿಸಲೂ ಬರುವುದಿಲ್ಲ, ಕಲಿಸಬೇಕು.

“ಅಕ್ಕಾ, ಹಿಂಡ್ಯಾಗ ನಾ ಒಂದು ಪುಡಿ ಹಾಕೀನಿ,” ಎಂದೆ.

“ಎಂಥಾ ಪುಡಿ?”

“ಗೊತ್ತಿಲ್ಲ.”

“ಎಷ್ಟ್ ಸಲ?”

“ಹಿಂದಿನ ಎರಡು ಡಬ್ಬಿಗೂ.”

ಡಾಕ್ಟರು ನಮ್ಮಿಬ್ಬರ ಮುಖ ನೋಡಿದರು. ಎಲ್ಲವನ್ನೂ ಮರಾಠಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಒಂದೇ ತಪ್ಪನ್ನು ಎರಡು ಭಾಷೆಗಳಲ್ಲಿ ಒಪ್ಪಿಕೊಳ್ಳುವ ಸಂಕಟ ನಮ್ಮಂಥ ಗಡಿಯವರಿಗೇ ಗೊತ್ತು. ಅವರು ಕೂಗಾಡಲಿಲ್ಲ. ಪುಡಿಯಿಂದಲೇ ಆಯಿತೆಂದು ಈಗಲೇ ಹೇಳಲಾರೆ, ಸ್ಕ್ಯಾನ್ ಆಗಲೇಬೇಕು, ಹಿಂಡಿ ನಿಲ್ಲಿಸಿ ಎರಡು ವಾರ ನೋಡೋಣ ಎಂದರು. ನಂತರ ಪೆನ್ನನ್ನು ನನ್ನತ್ತ ತಿರುಗಿಸಿ, “ನೀವೂ ತಿಂದಿರಾ? ಹಾಗಿದ್ದರೆ ನಿಮ್ಮ ರಕ್ತವನ್ನೂ ಕೊಟ್ಟು ಹೋಗಿ,” ಎಂದರು.

ಸ್ಕ್ಯಾನಿನ ಸರದಿಯಲ್ಲಿ ಅಕ್ಕ ಸರದಿ ಚೀಟಿಯನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದಳು. ಅವಳು ಬೈದಿದ್ದರೆ ಸಮಾಧಾನವಾಗುತ್ತಿತ್ತು.

“ಕೇಳಿದ್ರ ನಾ ಬ್ಯಾಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ, ಹೌದಲ್ಲೋ?”

“ಹೌದಕ್ಕಾ.”

“ನನ್ನ ಮೈಯಾಗ ನಂಗ ತಿಳೀಲಾರದಂಗ ಹೊಕ್ಕಿದ್ದು ಒಂದು ಸಾಕಿತ್ತು ತಮ್ಮಾ. ಎರಡನೇದು ನೀ ಹಾಕಿದಿ.”

ಅಂದು ಸಂಜೆ ಬಸ್ಸಿನಲ್ಲಿ ಆ ಮಾತು ಸಂಭಾಜಿನಗರದವರೆಗೂ ನನ್ನ ಪಕ್ಕದಲ್ಲೇ ಕೂತಿತ್ತು. ಪುಣ್ಯಕ್ಕೆ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎರಡು ವಾರಕ್ಕೆ ಲಿವರ್ ಹತೋಟಿಗೆ ಬಂತು, ಕೀಮೋ ಮತ್ತೆ ಶುರುವಾಯಿತು. ತನ್ನ ಹಿಂಡಿಯ ಮರ್ಯಾದೆ ಕಳೆದದ್ದಕ್ಕೆ ನನ್ನ ಹೆಂಡತಿ ನಾಲ್ಕು ದಿನ ಮಾತು ಬಿಟ್ಟಳು. ಈಗ ಡಬ್ಬಿಗೆ ಬಟ್ಟೆ ಕಟ್ಟಿ, ಗಂಟಿನ ಫೋಟೋ ತೆಗೆದು ಅಕ್ಕನಿಗೆ ಕಳಿಸುತ್ತಾಳೆ.

ನನ್ನ ರಿಪೋರ್ಟೂ ಬಂತು. ಲಿವರ್ ಸರಿಯಾಗಿಯೇ ಇತ್ತು, ಆದರೆ ಸಕ್ಕರೆ ಏರಿತ್ತು. ಅದೇ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರ ಬಳಿ ಹೋಗಬೇಕಾಯಿತು. ಬೇಡವೆಂದರೂ ಕೇಳದೆ ಅಕ್ಕ ನನ್ನ ಜೊತೆಗೇ ಒಳಗೆ ಬಂದಳು. ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಅವರು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕ ತನ್ನ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಬರೆದುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿ, ಜಿಲೇಬಿಯಿಂದ ಶುರುಮಾಡಿದಳು.