ನಾನೂರ ಹದಿನೇಳನೆಯ ಡಬ್ಬ

ಜೇನುತುಪ್ಪದ ಗೋದಾಮಿನ ಗುಮಾಸ್ತ ಆ ದಿನ ಮೂರು ಗಂಟೆಗೇ ಹೊರಡಬೇಕಿತ್ತು. ಶಾಲೆಯ ನಾಟಕದಲ್ಲಿ ಮಗಳು ರಾಣಿ. ಕಳೆದ ಮೂರು ವರ್ಷವೂ ಅವನು ತಲುಪುವಷ್ಟರಲ್ಲಿ ಪರದೆ ಬಿದ್ದಿತ್ತು.

ಅವಸರದಲ್ಲಿ ಕೊನೆಯ ಡಬ್ಬಕ್ಕೆ ಹಚ್ಚಬೇಕಾದ ಲೇಬಲ್ಲು ಅವನ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಕಾರ್ಡಿಗೆ ಅಂಟಿಕೊಂಡಿತು. ನೋಡದೆ ಅದರ ಮೇಲೇ ಸ್ಕ್ಯಾನರ್ ಹಿಡಿದ. 'ಟಿಂಯ್' ಎಂದಿತು. ಸಮಾಧಾನದಿಂದ ಚೀಲ ಹೆಗಲಿಗೇರಿಸಿ ಹೊರಟ.

ಗೇಟು ಮಾತ್ರ ತೆರೆಯಲಿಲ್ಲ. ವಾಚ್‌ಮನ್ ತನ್ನ ಕಂಪ್ಯೂಟರು ನೋಡಿದ, ಅವನನ್ನು ನೋಡಿದ, ಮತ್ತೆ ಕಂಪ್ಯೂಟರು ನೋಡಿದ.

"ಸಾರ್, ನೀವು ಜೇನುತುಪ್ಪ ಅಂತ ಬರ್ತಿದೆ."

"ಏನಂದೆ?"

"ನಾನೂರ ಹದಿನೇಳನೇ ಡಬ್ಬ. ಇಪ್ಪತ್ತು ಕೆ.ಜಿ. ಗಿರಾಕಿ ಹೆಸರಿಲ್ಲದೆ ಹೊರಗೆ ಬಿಡೋ ಹಾಗಿಲ್ಲ."

ಗುಮಾಸ್ತ ಕೊರಳ ಕಾರ್ಡು ನೋಡಿಕೊಂಡ. ಪರಪರನೆ ಲೇಬಲ್ಲು ಕಿತ್ತ. ಮರುಕ್ಷಣವೇ ಕೆಂಪು ದೀಪ ಹತ್ತಿ ಸೈರನ್ನು ಬೊಬ್ಬೆಯಿಟ್ಟಿತು. ಪರದೆಯ ಮೇಲೆ 'ಮುದ್ರೆ ಒಡೆದ ಸರಕು, ಕಳವಿನ ಶಂಕೆ' ಎಂದು ಮೂಡಿತು.

ಮ್ಯಾನೇಜರು ಓಡಿ ಬಂದರು. ಅವರ ಹಿಂದೆಯೇ, ಈ ಹೊಸ ವ್ಯವಸ್ಥೆಯ ಮೇಲೆ ಪಿಎಚ್‌.ಡಿ. ಮಾಡಲು ತಿಂಗಳಿಂದ ಅಲ್ಲೇ ಬೀಡುಬಿಟ್ಟಿದ್ದ ಸಂಶೋಧಕಿ ಲ್ಯಾಪ್‌ಟಾಪ್ ಅವಚಿಕೊಂಡು ಬಂದಳು.

"ಅಳಿಸಮ್ಮಾ ಇದನ್ನ!" ಗುಮಾಸ್ತ ಕೈಮುಗಿದ.

"ಅಳಿಸೋದಾ? ಇದು ಬ್ಲಾಕ್‌ಚೈನ್ ಸಾರ್! ಜೇನು ಸಾಕೋರು, ಲಾರಿಯೋರು, ನಾವು, ಅಂಗಡಿಯೋರು, ಹೀಗೆ ಹನ್ನೊಂದು ಕಡೆ ಒಂದೇ ದಾಖಲೆ ಇರುತ್ತೆ. ಒಂದ್ಸಲ ಬರೆದದ್ದನ್ನ ಯಾರೂ ಅಳಿಸೋಕಾಗಲ್ಲ." ಅವಳ ಕಣ್ಣುಗಳು ಅರಳಿದವು. "ಇನ್ನೂರು ಪ್ರಬಂಧ ಓದಿದೀನಿ. ಮೀನು, ಮಾತ್ರೆ, ಹತ್ತಿ, ಎಲ್ಲದರ ಮೇಲೂ ಸಂಶೋಧನೆ ಆಗಿದೆ. ಗುಮಾಸ್ತರು ಸರಕಾಗಿದ್ದು ಎಲ್ಲೂ ಇಲ್ಲ! ಸ್ವಲ್ಪ ಪಕ್ಕಕ್ಕೆ ತಿರುಗ್ತೀರಾ? ಫೋಟೋ ಬೇಕು."

ಗುಮಾಸ್ತ ಮ್ಯಾನೇಜರ ಕಡೆ ತಿರುಗಿದ. ಅವರು ಮೊಬೈಲು ನೋಡಿ ಹುಬ್ಬುಗಂಟಿಕ್ಕಿದರು.

"ಹಾಜರಿಯಲ್ಲಿ ನೀವು ಇವತ್ತು ಗೈರು ಅಂತಿದೆಯಲ್ರೀ?"

"ನಿಮ್ಮ ಮುಂದೇ ನಿಂತಿದೀನಲ್ಲ ಸಾರ್!"

"ನಿಂತಿರೋದು ಸ್ಟಾಕು," ಎಂದರು ಮ್ಯಾನೇಜರು ಗಂಭೀರವಾಗಿ.

ಅಷ್ಟರಲ್ಲಿ, ದಾಖಲೆಯಲ್ಲಿ ಡಬ್ಬದ ಜಾಗದಲ್ಲಿ ಗುಮಾಸ್ತನ ಕಾರ್ಡಿನ ಫೋಟೋ ಕಂಡ ದೂರದ ಅಂಗಡಿಯವನೊಬ್ಬನ ಫೋನು ಬಂತು. ನಿಮ್ಮ ಡಬ್ಬವೊಂದಕ್ಕೆ ಮೀಸೆ ಇದೆಯಲ್ಲ, ತುಪ್ಪದಲ್ಲಿ ಕೂದಲು ಸಿಕ್ಕರೆ ಯಾರು ಹೊಣೆ ಎಂದು ಅವನು ಕೂಗಾಡಿದ. ಮ್ಯಾನೇಜರು ಬೆವರಿದರು.

"ಒಂದೇ ದಾರಿ," ಎಂದಳು ಸಂಶೋಧಕಿ. "ಅಳಿಸೋಕಾಗಲ್ಲ, ಮುಂದಕ್ಕೆ ಸಾಗಿಸಬಹುದು. ಯಾರಾದ್ರೂ ಇವರನ್ನ ಗಿರಾಕಿಯಾಗಿ ಪಡ್ಕೋಬೇಕು. ಪುಕ್ಕಟೆ ಮಾದರಿ ಅಂತ ಕಳಿಸೋಣ."

ಗುಮಾಸ್ತ ಹೆಂಡತಿಗೆ ಫೋನು ಮಾಡಿದ. ಶಾಲೆ ಎರಡೇ ಬೀದಿ ಆಚೆ. ಐದು ನಿಮಿಷಕ್ಕೆ ಆಕೆ ಗೇಟಿನ ಹೊರಗೆ ಏದುಸಿರು ಬಿಡುತ್ತ ನಿಂತಿದ್ದಳು.

"ಏನ್ರೀ ಇದು? ಮಗು ಕಿರೀಟ ಇಟ್ಕೊಂಡು ಅಪ್ಪ ಎಲ್ಲಿ ಅಂತ ಅಳ್ತಿದೆ, ನೀವಿಲ್ಲಿ ಜೇನುತುಪ್ಪ ಆಗಿದೀರಾ?"

"ಆಮೇಲೆ ಬೈಯೇ ಮಾರಾಯ್ತಿ! ಮೊದಲು ನಿನ್ನ ಮೊಬೈಲಿಗೆ ಬಂದಿರೋ ಮೆಸೇಜಲ್ಲಿ 'ತಲುಪಿದೆ' ಅಂತ ಒತ್ತು!"

ಆಕೆ ಒತ್ತಿದಳು. ಗೇಟು ಕಿರ್ರೆಂದು ಗೇಣುದ್ದ ಸರಿದು ನಿಂತಿತು. ಗುಮಾಸ್ತ ಒಂದು ಕಾಲು ಹೊರಗಿಟ್ಟ.

"ಏನೋ ಪ್ರಶ್ನೆ ಕೇಳ್ತಿದೆ," ಎಂದು ಹೆಂಡತಿ ಗಟ್ಟಿಯಾಗಿ ಓದಿದಳು. "ಹೇಳಿದ ಹೊತ್ತಿಗೆ ಬಂದಿದೆಯೇ?"

ಹದಿನಾರು ವರ್ಷದ ಸಂಸಾರ ಒಂದೇ ಗಳಿಗೆಯಲ್ಲಿ ಆಕೆಯ ಕಣ್ಣಮುಂದೆ ಹಾದುಹೋಯಿತು. ಬೆರಳು ತಾನಾಗಿಯೇ 'ಇಲ್ಲ' ಒತ್ತಿತು.

"ಸೋರುತ್ತಿದೆಯೇ?" ಬೆವರಿಳಿಯುತ್ತಿದ್ದ ಗಂಡನನ್ನು ನೋಡಿದಳು. 'ಹೌದು.'

"ಲೇ, ತಡಿಯೇ!"

"ವಿವರಣೆಯಲ್ಲಿ ಹೇಳಿದಷ್ಟು ಸಿಹಿಯಾಗಿದೆಯೇ?"

ಆಕೆ ಅದಕ್ಕೂ ಉತ್ತರ ಒತ್ತಿಬಿಟ್ಟಳು.

ಗೇಟು ಹಿಂದಕ್ಕೆ ಸರಿಯತೊಡಗಿತು. ವಾಚ್‌ಮನ್ ಗುಮಾಸ್ತನ ಕಾಲನ್ನು ಒಳಕ್ಕೆಳೆದುಕೊಂಡು ಪರದೆ ಓದಿದ: "ಗಿರಾಕಿ ತಿರಸ್ಕರಿಸಿದ್ದಾರೆ. ಸರಕು ವಾಪಸ್. ಹದಿನಾಲ್ಕು ದಿನ ಪರೀಕ್ಷೆ."

ಹೆಂಡತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ನಾನೇ ಮತ್ತೆ ಆರ್ಡರ್ ಹಾಕ್ತೀನಿ, ಬಿಡ್ರಪ್ಪಾ!"

ಸಂಶೋಧಕಿ ಪಟಪಟ ಟೈಪು ಮಾಡಿ, ಸಂಕೋಚದಿಂದ ತಲೆಯೆತ್ತಿದಳು.

"ಆಗಲ್ಲಕ್ಕಾ. ಒಂದ್ಸಲ ಬೇಡ ಅಂದೋರಿಗೆ ಅದೇ ಮಾಲು ಮತ್ತೆ ಕೊಡಲ್ಲ. ಆದ್ರೆ ಯೋಚನೆ ಮಾಡಬೇಡಿ, ಮೀಸೆ ನೋಡಿ ಆಗಲೇ ಬೇರೆ ಮೂವರು ಕೇಳಿದಾರೆ."